ಕಟ್ಟುವವರು ಗಲ್ಫ್‌ನಲ್ಲಿ, ಮನೆ ಮಳೆಯಲ್ಲಿ

ನಮ್ಮ ಕರಾವಳಿಯ ಬ್ಯಾರಿ ಮನೆಗಳಿಂದ ಗಲ್ಫ್‌ಗೆ ಹೊರಟ ಹುಡುಗನ ಮನಸ್ಸಿನಲ್ಲಿ ಎರಡು ಲೆಕ್ಕ ಇರುತ್ತದೆ. ಒಂದು ತಂಗಿಯರ ಮದುವೆ, ಇನ್ನೊಂದು ಸ್ವಂತ ಮನೆ. ಮದುವೆಯ ಲೆಕ್ಕ ಒಂದು ದಿನ ಮುಗಿಯುತ್ತದೆ. ಮನೆಯ ಲೆಕ್ಕ ಮುಗಿಯುವುದೇ ಇಲ್ಲ. ಎರಡು ವರ್ಷದಲ್ಲಿ ಕಟ್ಟಿ ಬಂದುಬಿಡುತ್ತೇನೆ ಎಂದು ಹೋದವರು ಹತ್ತು ಹನ್ನೆರಡು ವರ್ಷ ಅಲ್ಲೇ ದುಡಿದದ್ದು ಉಂಟು. ಮನೆ ಎದ್ದು ನಿಂತಿರುತ್ತದೆ, ಗೇಟು ಇರುತ್ತದೆ, ಬಣ್ಣ ಹೊಡೆದಾಗಿರುತ್ತದೆ. ಯಜಮಾನ ಮಾತ್ರ ರಜೆಯಲ್ಲಿ ಬಂದು ಹೋಗುವ ಅತಿಥಿ.

ನಾವು ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಈಗ ಮೂರು ಮಳೆಗಾಲ ಕಳೆದಿದೆ. ಒಬ್ಬರು ಗಲ್ಫ್‌ನಲ್ಲಿ, ಒಬ್ಬರು ಊರಲ್ಲಿ ಇದ್ದುಕೊಂಡು ಕಟ್ಟಿದ ಮನೆ. ನಮಗಿಂತ ಮೊದಲು ಕಟ್ಟಿದ ಕುಟುಂಬದವರ, ನೆರೆಕರೆಯವರ ಕಷ್ಟಸುಖ ಕೇಳಿಕೊಂಡೇ ಕೆಲಸಕ್ಕೆ ಇಳಿದೆವು. ಈ ಮಳೆ ಬಿಟ್ಟ ಕೂಡಲೇ ಪಂಚಾಂಗ ಹಾಕಬೇಕು ಎಂದು ಯೋಚಿಸುತ್ತಿರುವವರಿಗೆ ನಾವು ಕಂಡುಕೊಂಡ ಕೆಲವು ಮಾತು ಇಲ್ಲಿದೆ.

ಚದರಡಿಯನ್ನು ತಿಂಗಳಲ್ಲಿ ಅಳೆಯಿರಿ

ನಕ್ಷೆ ಮಾಡಿಸುವಾಗ ಎಲ್ಲರೂ ಚದರಡಿಯ ಲೆಕ್ಕ ಹೇಳುತ್ತಾರೆ. ಅದನ್ನು ತಿಂಗಳಿಗೆ ಬದಲಿಸಿ ನೋಡಿ. ಒಂದು ಚದರಡಿಗೆ 2,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅಣ್ಣನ ಮನೆ ಹೀಗುಂಟು, ಭಾವನ ಮನೆ ಹಾಗುಂಟು ಎಂದು 400 ಚದರಡಿ ಹೆಚ್ಚು ಮಾಡಿದರೆ 8 ಲಕ್ಷ ರೂಪಾಯಿ. ತಿಂಗಳಿಗೆ 25,000 ಉಳಿಸುವವನಿಗೆ ಅದು 32 ತಿಂಗಳು, ಅಂದರೆ ಎರಡು ವರ್ಷ ಎಂಟು ತಿಂಗಳ ದುಡಿಮೆ. ವರ್ಷಕ್ಕೆ ನಾಲ್ಕು ದಿನ ನೆಂಟರು ಮಲಗುವ ಒಂದು ಕೋಣೆಗಾಗಿ ಮಕ್ಕಳಿಂದ ಅಷ್ಟು ಕಾಲ ದೂರ ಇರಬೇಕಾ? ಗಂಡ ಹೆಂಡತಿ ಕೂತು ಮಾತಾಡಬೇಕಾದ ಮೊದಲ ವಿಷಯ ಇದು.

ಬಡ್ಡಿ ಸಾಲದ ಹತ್ತಿರ ಹೋಗುವುದಿಲ್ಲ ಎಂದು ನಿರ್ಧರಿಸಿದವರು ಹಂತಹಂತವಾಗಿ ಕಟ್ಟುತ್ತಾರೆ. ಒಳ್ಳೆಯ ದಾರಿಯೇ. ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನಿಲ್ಲಿಸುವುದಾದರೆ ಪಂಚಾಂಗದಲ್ಲಿ ನಿಲ್ಲಿಸಿ, ಇಲ್ಲವೇ ಮೇಲೆ ಸ್ಲ್ಯಾಬ್ ಬಿದ್ದ ಮೇಲೆ ನಿಲ್ಲಿಸಿ. ಅರ್ಧ ಗೋಡೆ ಎಬ್ಬಿಸಿ ಮಳೆಗೆ ಬಿಟ್ಟರೆ ಕೆಂಪುಕಲ್ಲು ನೀರು ಕುಡಿಯುತ್ತದೆ, ಗಾರೆ ತೊಳೆದು ಹೋಗುತ್ತದೆ. ಮುಂದೆ ಮಹಡಿ ಏರಿಸುವ ಆಸೆ ಇದ್ದರೆ ಅದಕ್ಕೆ ತಕ್ಕ ಅಡಿಪಾಯ ಮತ್ತು ಮೆಟ್ಟಿಲಿನ ಜಾಗ ಇವತ್ತಿನ ನಕ್ಷೆಯಲ್ಲೇ ಬರಬೇಕು. ಮೇಲಿನ ಕಂಬಕ್ಕೆಂದು ಬಿಟ್ಟ ಕಬ್ಬಿಣದ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿದು, ತೆಳು ಕಾಂಕ್ರೀಟ್‌ನಲ್ಲಿ ಮುಚ್ಚಿಡಿ. ಸಮುದ್ರದ ಉಪ್ಪು ಗಾಳಿಗೆ ಬರೀ ಕಂಬಿ ಹೆಚ್ಚು ಕಾಲ ತಡೆಯುವುದಿಲ್ಲ.

ಜಾಗದ ಕಾಗದ, ಜಾಗದ ಮಣ್ಣು

ಫೋನಿನಲ್ಲಿ ಫೋಟೋ ನೋಡಿ ಜಾಗಕ್ಕೆ ಅಡ್ವಾನ್ಸ್ ಕೊಡುವವರು ಈಗ ಹೆಚ್ಚು. ಪಹಣಿ, 11ಇ ನಕ್ಷೆ, ಋಣಭಾರ ಪತ್ರ, ಭೂ ಪರಿವರ್ತನೆಯ ಆದೇಶ, ಪಂಚಾಯತ್ ವ್ಯಾಪ್ತಿಯಾದರೆ 9/11 — ಇಷ್ಟನ್ನು ವಕೀಲರಿಗೆ ತೋರಿಸದೆ ಒಂದು ರೂಪಾಯಿ ಕೊಡಬೇಡಿ. ದಾರಿಯ ವಿಷಯ ಬಾಯಿಮಾತಿನಲ್ಲಿ ಬಿಡಬಾರದು. "ನಮ್ಮ ಜಾಗದಲ್ಲೇ ಹೋಗಿ, ಯಾರು ಬೇಡ ಹೇಳ್ತಾರೆ" ಎಂದು ಇವತ್ತು ಹೇಳಿದವರ ಮಕ್ಕಳು ನಾಳೆ ಬೇಲಿ ಹಾಕಬಹುದು. ದಾರಿಯ ಹಕ್ಕು ಮತ್ತು ಅಗಲ ಎರಡೂ ಕ್ರಯಪತ್ರದಲ್ಲಿ ಬರಲಿ. ಜಲ್ಲಿಯ ಲಾರಿ ಒಳಗೆ ಬಾರದಿದ್ದರೆ ಪ್ರತಿ ಲೋಡಿಗೂ ಎರಡನೇ ಸಲ ಸಾಗಾಟದ ಕೂಲಿ ಬೀಳುತ್ತದೆ ಎಂಬುದೂ ನೆನಪಿರಲಿ.

ಕಾಗದದಷ್ಟೇ ಮುಖ್ಯ ಮಣ್ಣು. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಮೆತ್ತಗಿನ ಶೇಡಿ ಮಣ್ಣು ಇರುವುದು ಸಾಮಾನ್ಯ. ಗುಡ್ಡ ಕಡಿದು ಸೈಟ್ ಮಾಡುವಾಗ ಈ ಶೇಡಿ ಪದರ ಬಯಲಾಗುತ್ತದೆ. ಬೇಸಗೆಯಲ್ಲಿ ಅದು ಕಲ್ಲಿನ ಹಾಗೆ ನಿಂತಿರುತ್ತದೆ. ಜೋರು ಮಳೆಯಲ್ಲಿ ನೀರು ಕುಡಿದಾಗ ಜಾರುತ್ತದೆ, ಮೇಲಿನ ಮುರಕಲ್ಲನ್ನೂ ಕೆಳಗೆ ತರುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಮಲಗಿದ್ದವರ ಮೇಲೆ ಬಿದ್ದ ಸುದ್ದಿ ಓದದ ವರ್ಷ ಕಡಿಮೆ. ಹಿಂದೆ ನೆಟ್ಟಗೆ ಕಡಿದ ಗುಡ್ಡ ಇರುವ ಸೈಟ್ ಅಗ್ಗಕ್ಕೆ ಸಿಗುತ್ತದೆ ಎಂದಾದರೆ, ತಡೆಗೋಡೆಯ ಖರ್ಚನ್ನು ಜಾಗದ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ತಡೆಗೋಡೆಯಲ್ಲಿ ನೀರು ಹೊರಬರಲು ಪೈಪು ಇಡಬೇಕು, ಗುಡ್ಡದ ಮೇಲಿನ ನೀರು ಬೇರೆ ಕಡೆ ಹರಿಯಲು ಚರಂಡಿ ಬೇಕು. ಮಲಗುವ ಕೋಣೆ ಗುಡ್ಡದ ಬದಿಗೆ ಬೇಡ.

ಬಾವಿ ಎಲ್ಲಿ, ಗುಂಡಿ ಎಲ್ಲಿ?

ಶೌಚದ ನೀರು ಇಂಗುವ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಈಗ ಐದು ಸೆಂಟ್ಸ್ ಸೈಟಿನ ಕಾಲ. ಚೌಕಾಕಾರದ ಐದು ಸೆಂಟ್ಸ್‌ನ ಒಂದು ಬದಿ ಸುಮಾರು 47 ಅಡಿ ಮಾತ್ರ. ಅಲ್ಲಿ ಬಾವಿ, ಗುಂಡಿ, ಮನೆ ಮೂರನ್ನೂ ಹೊಂದಿಸುವುದು ಬಹಳ ಕಷ್ಟ. ನಮ್ಮ ಬಾವಿ ನೋಡಿದರೆ ಸಾಲದು, ಬೇಲಿಯಾಚೆಯವರ ಬಾವಿಯನ್ನೂ ನೋಡಬೇಕು. ಜಾಗ ಚಿಕ್ಕದಾದರೆ ನಕ್ಷೆಗೆ ಮೊದಲೇ ನೆರೆಯವರ ಜತೆ ಮಾತಾಡಿ. ಗುಂಡಿಗಳನ್ನು ಎಲ್ಲರೂ ಒಂದೇ ಬದಿಗೆ, ಬಾವಿಗಿಂತ ತಗ್ಗಿನಲ್ಲಿ ಮಾಡಿಕೊಳ್ಳಬಹುದು. ಪಂಚಾಯತ್ ನೀರು ಬರುವಲ್ಲಿ ಬಾವಿಯೇ ಬೇಡ ಎನ್ನಬಹುದು. ಮನೆ ಕಟ್ಟಿದ ಮೇಲೆ ಇದನ್ನು ಸರಿ ಮಾಡ್ಲಿಕ್ಕೆ ಆಗುವುದಿಲ್ಲ.

ಬಾವಿ ಇದ್ದರೆ ಛಾವಣಿಯ ನೀರನ್ನು ಸೋಸಿ ಅದಕ್ಕೇ ಬಿಡುವ ಏರ್ಪಾಡು ಮಾಡಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಸಾವಿರ ಚದರಡಿ ಛಾವಣಿಯ ಮೇಲೆ ಅದು ಮೂರು ಲಕ್ಷ ಲೀಟರ್‌ಗೂ ಮಿಕ್ಕ ನೀರು. ಅಷ್ಟನ್ನು ರಸ್ತೆಗೆ ಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಯುವುದು ಎಂತಕ್ಕೆ?

ಒಪ್ಪಂದ ಬರೆಯಲು ನಾಚಿಕೆ ಬೇಡ

"ನಮ್ಮ ಜನವೇ, ಬರೆದುಕೊಳ್ಳುವುದು ಎಂತದ್ದು" ಎಂಬ ಸಂಕೋಚ ನಮ್ಮಲ್ಲಿ ಜಾಸ್ತಿ. ಸಂಬಂಧ ಉಳಿಯಬೇಕು ಎನ್ನುವವರೇ ಬರೆದುಕೊಳ್ಳಬೇಕು. ಸಾಮಾನು ಯಾರದು, ಯಾವ ದರ್ಜೆಯ ಕಂಬಿ ಮತ್ತು ಸಿಮೆಂಟ್, ಸಿಟೌಟ್, ಸನ್‌ಶೇಡ್, ನೀರಿನ ಟ್ಯಾಂಕ್ ಚದರಡಿಯ ಲೆಕ್ಕಕ್ಕೆ ಬರುತ್ತದೆಯೇ ಇಲ್ಲವೇ, ಹೆಚ್ಚುವರಿ ಕೆಲಸಕ್ಕೆ ದರ ಎಷ್ಟು — ಇಷ್ಟು ಕಾಗದದಲ್ಲಿ ಇರಲಿ. ಹಣವನ್ನು ತಿಂಗಳ ಲೆಕ್ಕದಲ್ಲಿ ಕೊಡಬೇಡಿ, ಕೆಲಸದ ಲೆಕ್ಕದಲ್ಲಿ ಕೊಡಿ: ಪಂಚಾಂಗಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಸ್ಲ್ಯಾಬ್‌ಗೆ ಇಷ್ಟು, ಸಾರಣೆಗೆ ಇಷ್ಟು. ಒಂದು ಸಣ್ಣ ಕಂತು ಮೊದಲ ಮಳೆ ಕಳೆದ ಮೇಲೆ ಎಂದು ಮೊದಲೇ ಮಾತಾಗಿರಲಿ. ಆದರೆ ಕೂಲಿಯಾಳುಗಳ ಸಂಬಳವನ್ನು ಯಾವ ಕಾರಣಕ್ಕೂ ತಡೆಹಿಡಿಯಬಾರದು. ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಎಂದು ಕೇಳಿ ಬೆಳೆದವರು ನಾವು. ಕಂಟ್ರಾಕ್ಟುದಾರರ ಜತೆಗಿನ ಲೆಕ್ಕ ಬೇರೆ, ಕೆಲಸದವರ ಹೊಟ್ಟೆಪಾಡು ಬೇರೆ.

ಇನ್ನೊಂದು ಮಾತು. ಮೇಸ್ತ್ರಿಗೆ ಗಲ್ಫ್‌ನಿಂದ ಒಂದು ಫೋನ್, ಮನೆಯಾಕೆಯಿಂದ ಒಂದು ಮಾತು, ಭಾವನಿಂದ ಇನ್ನೊಂದು ಸಲಹೆ ಹೋದರೆ ಅವರು ಯಾರ ಮಾತು ಕೇಳಬೇಕು? ಊರಲ್ಲಿ ಇರುವವರೊಬ್ಬರ ಮಾತೇ ಕೊನೆಯ ಮಾತಾಗಲಿ. ನಮ್ಮಲ್ಲಿ ಅದು ಮನೆಯಾಕೆಯದ್ದೇ ಆಗಿತ್ತು. ಲೋಡು ಬಂದ ದಿನ, ಕೊಟ್ಟ ಹಣ, ಬಂದ ಚೀಲ ಎಲ್ಲ ಒಂದೇ ಪುಸ್ತಕದಲ್ಲಿ ಅವಳ ಕೈಬರಹದಲ್ಲಿ ಉಂಟು. ಆ ಪುಸ್ತಕ ಇದ್ದ ಕಾರಣ ಕೊನೆಯ ಲೆಕ್ಕ ಅರ್ಧ ಗಂಟೆಯಲ್ಲಿ ನಗುನಗುತ್ತಾ ಮುಗಿಯಿತು.

ವಿಡಿಯೋದಲ್ಲಿ ಏನು ಕೇಳಬೇಕು?

ದೂರದಲ್ಲಿರುವವರು "ಮನೆ ಎಲ್ಲಿವರೆಗೆ ಬಂತು, ತೋರಿಸಿ" ಎನ್ನುತ್ತಾರೆ. ಎದುರಿನಿಂದ ತೆಗೆದ ಫೋಟೋದಲ್ಲಿ ಗೊತ್ತಾಗುವುದು ಕಡಿಮೆ. ಮುಚ್ಚಿ ಹೋಗುವ ಕೆಲಸವನ್ನು ಮುಚ್ಚುವ ಮೊದಲು ತೋರಿಸಲು ಹೇಳಿ. ಸ್ಲ್ಯಾಬಿನ ಹಿಂದಿನ ದಿನ ಕಂಬಿಯ ಅಂತರವನ್ನು ಟೇಪು ಹಿಡಿದು ತೋರಿಸಲಿ. ಕಂಬಿ ಹಲಗೆಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಇದೆಯೇ ನೋಡಿ. ಇಂಜಿನಿಯರ್ ಬಂದು ನೋಡಿದ ಮೇಲೆಯೇ ಕಾಂಕ್ರೀಟ್.

ಕಾಂಕ್ರೀಟ್ ಹಾಕುವ ದಿನ ಕಾಣಬೇಕಾದ್ದು ನೀರಿನ ಲೆಕ್ಕ. ಸಾಧಾರಣವಾಗಿ ಬಳಸುವ 1:1.5:3 ಮಿಶ್ರಣದಲ್ಲಿ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ ನೀರು 30 ಲೀಟರ್ ಮೀರಬಾರದು. ಸುಲಭವಾಗಿ ಹರಿಯಲಿ ಎಂದು ಬಕೆಟ್‌ಗಟ್ಟಲೆ ನೀರು ಸುರಿದರೆ ಸ್ಲ್ಯಾಬಿನ ಬಲ ಹೋಗುತ್ತದೆ, ಮುಂದೆ ಸೋರುತ್ತದೆ. ಹೊಯ್ಗೆ ಉಪ್ಪು ನೀರಿನ ಜಾಗದಿಂದ ಬಂದಿದ್ದರೆ ಕಂಬಿಗೆ ತುಕ್ಕು ಖಂಡಿತ. ಎಂ-ಸ್ಯಾಂಡ್ ಆದರೆ ಧೂಳು ತೊಳೆದದ್ದೇ ಬೇಕು.

ಹಾಕಿದ ಮೇಲೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಸಿಗುವ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಸ್ಲ್ಯಾಬ್ ಒದ್ದೆಯಾಗಿರಬೇಕು. ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೇ ಸುಲಭ. ಆಧಾರದ ಕಂಬ ಬಿಚ್ಚುವ ದಿನವನ್ನು ಇಂಜಿನಿಯರ್ ಹೇಳಬೇಕು, ಸೆಂಟ್ರಿಂಗ್ ಹಲಗೆಯ ಬಾಡಿಗೆ ಹೇಳಬಾರದು.

ಸಾರಣೆ ಮಾಡುವ ಮೊದಲು ಪ್ರತಿ ಗೋಡೆಯ ಮೇಲೆ ಟೇಪು ಇಟ್ಟು ವಯರಿಂಗ್, ನೀರಿನ ಪೈಪು ಹೋದ ಜಾಗದ ಫೋಟೋ ತೆಗೆದಿಡಿ. ಮೂರು ವರ್ಷದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಫೋಟೋಗಳೇ. ವಯರಿಂಗ್‌ನಲ್ಲಿ ಶಾಕ್ ತಡೆಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ಗೃಹಪ್ರವೇಶ ಬೇಡ. ಜೀವಕ್ಕಿಂತ ದೊಡ್ಡ ಲೈಟು ಯಾವುದೂ ಇಲ್ಲ.

ಎಲಿವೇಶನ್‌ಗಿಂತ ಸನ್‌ಶೇಡ್ ದೊಡ್ಡದು

ಈಗ ಪೆಟ್ಟಿಗೆಯಂತೆ ಕಾಣುವ ಮನೆಗಳ ಫ್ಯಾಶನ್. ಕಡಿಮೆ ಮಳೆಯ ಊರಿಗೆ ಅದು ಸರಿ. ಜೂನ್‌ನಲ್ಲಿ ಗಾಳಿ ಮಳೆ ಪಡುವಣದಿಂದ, ನೈಋತ್ಯದಿಂದ ಓರೆಯಾಗಿ ಬಡಿಯುವ ನಮ್ಮ ಊರಿಗಲ್ಲ. ಹಳೆಯ ಹೆಂಚಿನ ಮನೆಯ ಮಾಡು ಗೋಡೆಯಿಂದ ಹೊರಗೆ ಚಾಚಿರುತ್ತಿದ್ದುದು ಚಂದಕ್ಕಲ್ಲ, ಗೋಡೆ ನೆನೆಯದಿರಲಿ ಎಂದು. ಕನಿಷ್ಠ ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳಿಗೆ ಅಗಲವಾದ ಸನ್‌ಶೇಡ್, ಅದರ ಅಂಚಿನಲ್ಲಿ ನೀರು ತುಂಡಾಗಿ ಬೀಳುವ ಗೆರೆ ಇರಲಿ. ಪಂಚಾಂಗದ ಮೇಲೆ ತೇವ ಏರದಂತೆ ತಡೆಯುವ ಪದರ, ನೆಲ ತುಂಬಿಸುವಾಗ ಗೆದ್ದಲಿನ ಮದ್ದು ಇವೆರಡೂ ಆ ಹೊತ್ತಿಗೇ ಆಗಬೇಕಾದ ಕೆಲಸ. ಕೋರೆಯಿಂದ ಬಂದ ಕೆಂಪುಕಲ್ಲು ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ. ಇಳಿಸಿದ ದಿನವೇ ಗೋಡೆ ಏರಿಸುವ ಅವಸರ ಬೇಡ.

ತಾರಸಿಯ ಮೇಲೆ ಶೀಟು ಹಾಕುವುದಾದರೆ ಅದರ ದುಡ್ಡನ್ನು ಟೈಲ್ಸ್ ಆರಿಸುವ ಮೊದಲೇ ಬದಿಗಿಡಿ. ಸೋರಿಕೆಗೂ ಸೆಖೆಗೂ ಒಂದೇ ಮದ್ದು ಅದು. ಮಳೆಗಾಲದಲ್ಲಿ ಬಟ್ಟೆ ಒಣಗಲು ಜಾಗವೂ ಆಯಿತು.

ಮನೆಯಲ್ಲಿ ಇರುವವರನ್ನು ಕೇಳಿ

ಅಡುಗೆಮನೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುವವರನ್ನು ಕೇಳದೆ ಅಡುಗೆಮನೆಯ ನಕ್ಷೆ ಮಾಡುವ ಮನೆಗಳು ಎಷ್ಟೋ. ಎದುರಿಗೆ ಶೋ ಕಿಚನ್, ಹಿಂದೆ ವರ್ಕ್ ಏರಿಯಾ, ಅಡುಗೆಯೆಲ್ಲ ಹಿಂದೆ. ಹಾಗಿದ್ದರೆ ಎದುರಿನದ್ದು ಯಾರಿಗೆ? ಒಂದೇ ಅಡುಗೆಮನೆ, ಗಾಳಿ ಬೆಳಕು ಚೆನ್ನಾಗಿ, ಹೊರಗೆ ಮೀನು ಶುಚಿ ಮಾಡಲು ನಳ್ಳಿ ಮತ್ತು ಕಲ್ಲು ಇದ್ದರೆ ಸಾಕಾಗುತ್ತದೆ.

ಉಮ್ಮ, ಉಪ್ಪ ಮಲಗುವ ಕೋಣೆ ಕೆಳಗೇ ಇರಲಿ. ಅದಕ್ಕೆ ತಾಗಿ ಬಚ್ಚಲು, ಜಾರದ ಟೈಲ್ಸ್, ಹಿಡಿದುಕೊಳ್ಳಲು ಕಂಬಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು. ವುಝೂ ಮಾಡಲು ಕೂತುಕೊಳ್ಳುವ ಎತ್ತರದ ಕಟ್ಟೆ ಮಾಡಿಸಿದರೆ ಮೊಣಕಾಲು ನೋವಿನವರು ದಿನಕ್ಕೆ ಐದು ಸಲ ನಿಮ್ಮನ್ನು ನೆನೆಯುತ್ತಾರೆ. ಶೌಚಾಲಯದ ದಿಕ್ಕನ್ನು ಪ್ಲಂಬರ್ ಬರುವ ಮೊದಲೇ ಗುರುತು ಮಾಡಿ. ಮಂಗಳೂರಿನಿಂದ ಖಿಬ್ಲಾ ನೇರ ಪಶ್ಚಿಮವಲ್ಲ, ಅಲ್ಲಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ ವಾಲಿದೆ. ಕಮೋಡು ಕೂರಿಸಿದ ಮೇಲೆ ತಿರುಗಿಸುವುದು ಸಣ್ಣ ಖರ್ಚಲ್ಲ.

ಕೊನೆಗೆ ಉಳಿಯಬೇಕಾದ ಹಣ

ಮನೆ ಒಕ್ಕಲಿನ ದಿನ ಹತ್ತಿರ ಬಂದಾಗ ದುಡ್ಡು ಖಾಲಿಯಾಗಿರುತ್ತದೆ. ಆಗ ಹೆಂಡತಿಯ ಚಿನ್ನ ಅಡವಿಗೆ ಹೋಗುತ್ತದೆ. ಫಾಲ್ಸ್ ಸೀಲಿಂಗ್‌ಗೆ, ಸೋಫಾಕ್ಕೆ, ಊಟಕ್ಕೆ. ಪಂಚಾಂಗಕ್ಕೋ ಸ್ಲ್ಯಾಬಿಗೋ ಹೋದ ಹಣ ಮನೆಯ ಜತೆ ಐವತ್ತು ವರ್ಷ ಇರುತ್ತದೆ. ಸೀಲಿಂಗ್, ಬೀರು, ಕಾಂಪೌಂಡಿನ ಕಲ್ಲು ಯಾವಾಗ ಬೇಕಾದರೂ ಹಾಕಬಹುದು. ಅಡವಿಟ್ಟ ಚಿನ್ನ ಬಿಡಿಸಲಿಕ್ಕೆ ಇನ್ನೂ ಎರಡು ವರ್ಷ ವಿಮಾನ ಹತ್ತಬೇಕಾದರೆ ಆ ಸೀಲಿಂಗ್‌ನ ಕೆಳಗೆ ಮಲಗುವವರು ಯಾರು?

ನಮ್ಮ ಮನೆಯ ಮೇಲಿನ ಕೋಣೆಗೆ ಇನ್ನೂ ಟೈಲ್ಸ್ ಬಿದ್ದಿಲ್ಲ, ಕಾಂಪೌಂಡು ಅರ್ಧ ಬೇಲಿಯೇ. ಬಂದವರು ಕೇಳುತ್ತಾರೆ, "ಆಗುತ್ತದೆ" ಎನ್ನುತ್ತೇವೆ. ಗಲ್ಫ್‌ನಲ್ಲಿ ಇದ್ದವರು ಕಳೆದ ವರ್ಷ ಲೆಕ್ಕ ಮುಗಿಸಿ ಊರಿಗೆ ಬಂದಾಯಿತು. ಈಗ ಜುಲೈಯ ಮಳೆಯಲ್ಲಿ ಇಬ್ಬರೂ ಮನೆಯೊಳಗೆ ಇದ್ದೇವೆ, ಬಕೆಟ್ ಇಡಬೇಕಾದ ಮೂಲೆ ಎಲ್ಲೂ ಇಲ್ಲ. ಕಟ್ಟಲು ಹೊರಟ ಎಲ್ಲರಿಗೂ ಇಷ್ಟಾದರೂ ಸಿಗಲಿ.