ಮನೆಯಲ್ಲೇ ಥ್ರೆಡ್ ಹಾಕಲು ಟ್ಯಾಪು, ಡೈಗಳ ಆಯ್ಕೆ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಸುತ್ತಮುತ್ತ ಮುಂಗಾರಿನ ಹದಮಳೆ ಬಿದ್ದ ಮೇಲೆ ಸೂರ್ಯಕಾಂತಿ, ಹತ್ತಿ, ಜೋಳದ ಬಿತ್ತನೆಗೆ ದೊರೆಯುವ ದಿನಗಳು ಕೆಲವೇ. ಅಂಥ ಸಮಯದಲ್ಲಿ ಕಲ್ಟಿವೇಟರಿನ ಅಥವಾ ಪಂಪಿನ ಒಂದು ರಂಧ್ರದ ಥ್ರೆಡ್ ಸವೆದು ಬೋಲ್ಟು ಹಿಡಿಯದಿದ್ದರೆ, ಗುಂಡ್ಲುಪೇಟೆಗೋ ನಂಜನಗೂಡಿಗೋ ಹೋಗಿ ಬರುವಷ್ಟರಲ್ಲಿ ಕೆಲಸದ ದಿನ ಕಳೆದುಹೋಗುತ್ತದೆ. ಕೆಲವೇ ಉಪಕರಣಗಳಿದ್ದರೆ ಇಂಥ ಸಣ್ಣ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ರಂಧ್ರದ ಒಳಗೆ ಥ್ರೆಡ್ ಕೊರೆಯುವ ಉಪಕರಣ ಟ್ಯಾಪು. ಸರಳಿನ ಹೊರಮೈಗೆ ಥ್ರೆಡ್ ಹಾಕುವುದು ಡೈ. ಬೋಲ್ಟು ಕೆಟ್ಟರೆ ಹೊಸದನ್ನು ಅಗ್ಗದಲ್ಲಿ ತರಬಹುದು. ಎರಕದ ಭಾಗದ ರಂಧ್ರ ಕೆಟ್ಟರೆ ಇಡೀ ಭಾಗಕ್ಕೇ ಹಣ ತೆರಬೇಕು. ಆದ್ದರಿಂದ ರೈತರು ಮೊದಲು ಕೊಳ್ಳಬೇಕಾದದ್ದು ಟ್ಯಾಪು.

ಥ್ರೆಡ್ಡನ್ನು ಗುರುತಿಸುವುದು

ಹೊಲದ ಯಂತ್ರಗಳಲ್ಲಿ ಎರಡು ಬಗೆಯ ಥ್ರೆಡ್ ಕಾಣುತ್ತವೆ. ಒಂದು ಮಿಲಿಮೀಟರಿನ ಮೆಟ್ರಿಕ್ ಥ್ರೆಡ್. ಇನ್ನೊಂದು ಅಂಗುಲದ ಥ್ರೆಡ್. ಹಳೆಯ ಪಂಪು, ಎಂಜಿನ್ ಮತ್ತು ಟ್ರಾಕ್ಟರುಗಳಲ್ಲಿ ಅಂಗುಲದ್ದು ಇಂದಿಗೂ ಸಿಗುತ್ತದೆ. ಇವುಗಳಲ್ಲಿ ವಿಟ್‌ವರ್ತ್ ಥ್ರೆಡ್ಡನ್ನು 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ರೂಪಿಸಿದನು. ಅದರ ಕೋನ 55 ಡಿಗ್ರಿ. ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ.

ಕಣ್ಣಳತೆಯನ್ನು ನಂಬಬಾರದು. ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರವೇ ಪಿಚ್. ಒಳ್ಳೆಯ ಬೋಲ್ಟೊಂದರ ಮೇಲೆ ಸ್ಕೇಲನ್ನಿಟ್ಟು ಹತ್ತು ಪಿಚ್‌ಗಳ ಒಟ್ಟು ದೂರವನ್ನು ಅಳೆಯಬೇಕು. ಎಂ 12 ಬೋಲ್ಟಿನಲ್ಲಿ ಇದು 17.5 ಮಿ.ಮೀ.; ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿನಲ್ಲಿ ಸುಮಾರು 21 ಮಿ.ಮೀ. ಆದರೆ ಎಂ 10ರಲ್ಲಿ 15 ಮಿ.ಮೀ., 3/8 ಅಂಗುಲದ್ದರಲ್ಲಿ ಸುಮಾರು 16 ಮಿ.ಮೀ. ಇವೆರಡರ ಅಂತರ ಅಲ್ಪವಾದ್ದರಿಂದಲೇ ಮೋಸಹೋಗುವುದು ಹೆಚ್ಚು. ಪಿಚ್ ಅಳೆಯುವ ಗೇಜೊಂದನ್ನು ಇಟ್ಟುಕೊಂಡರೆ ಅನುಮಾನ ಉಳಿಯದು. ನಟ್ಟು ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾದರೆ ಬಗೆ ಬೇರೆ ಇರಬಹುದೆಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಬಲವಂತವಾಗಿ ತಿರುಗಿಸಿದರೆ ಎರಡೂ ಕೆಡುತ್ತವೆ.

ಏನನ್ನು ಕೊಳ್ಳಬೇಕು?

ಹತ್ತಾರು ಅಳತೆಗಳ ಅಗ್ಗದ ಪೆಟ್ಟಿಗೆಗಿಂತ, ತಮ್ಮ ಯಂತ್ರಗಳಲ್ಲಿರುವ ಮೂರು ನಾಲ್ಕು ಅಳತೆಗಳ ಒಳ್ಳೆಯ ಟ್ಯಾಪುಗಳೇ ಲೇಸು. ‘ಎಚ್.ಎಸ್.ಎಸ್.’ ಗುರುತಿನ ಹೈಸ್ಪೀಡ್ ಉಕ್ಕಿನವು ಕಾರ್ಬನ್ ಉಕ್ಕಿನವುಗಳಿಗಿಂತ ಹೆಚ್ಚು ಕಾಲ ಹರಿತವಾಗಿರುತ್ತವೆ. ಕೈಟ್ಯಾಪುಗಳನ್ನು ಮೂರರ ಜೊತೆಯಾಗಿ ಕೊಳ್ಳಬೇಕು. ಮೊದಲನೆಯದರ ತುದಿ ಹೆಚ್ಚು ಓರೆ; ಅದು ಕೆಲಸ ಆರಂಭಿಸಲು. ಎರಡನೆಯದು ಥ್ರೆಡ್ಡನ್ನು ಆಳಗೊಳಿಸುತ್ತದೆ. ಆಚೆಗೆ ತೂತಿಲ್ಲದ ರಂಧ್ರದ ತಳದವರೆಗೆ ಕೊರೆಯಲು ಮೂರನೆಯದು ಬೇಕು. ಇವುಗಳಿಗೆ ಒಪ್ಪುವ ಹಿಡಿಯನ್ನೂ ಕೊಳ್ಳಬೇಕು.

ಪೆಟ್ಟು ಬಿದ್ದ ಥ್ರೆಡ್ಡನ್ನು ಸರಿಪಡಿಸಲು ಆರು ಮೂಲೆಯ ಡೈ ನಟ್ ಸಾಕು; ಅದನ್ನು ಸ್ಪ್ಯಾನರಿನಿಂದಲೇ ತಿರುಗಿಸಬಹುದು. ಸರಳಿಗೆ ಹೊಸದಾಗಿ ಥ್ರೆಡ್ ಹಾಕುವವರಿಗೆ ಮಾತ್ರ ಸೀಳಿರುವ ದುಂಡು ಡೈ ಮತ್ತು ಅದರ ಹಿಡಿ ಅಗತ್ಯ.

ರಂಧ್ರದ ಅಳತೆ

ಮೆಟ್ರಿಕ್ ಥ್ರೆಡ್ಡಿಗೆ ಲೆಕ್ಕ ಸುಲಭ: ಬೋಲ್ಟಿನ ವ್ಯಾಸದಿಂದ ಪಿಚ್ಚನ್ನು ಕಳೆದರೆ ಬರುವುದೇ ಡ್ರಿಲ್ಲಿನ ಅಳತೆ.

ಎಂ 6 (ಪಿಚ್ 1.0) – 5.0 ಮಿ.ಮೀ.
ಎಂ 8 (ಪಿಚ್ 1.25) – 6.8 ಮಿ.ಮೀ.
ಎಂ 10 (ಪಿಚ್ 1.5) – 8.5 ಮಿ.ಮೀ.
ಎಂ 12 (ಪಿಚ್ 1.75) – 10.2 ಮಿ.ಮೀ.

ಎಂ 10ರ ರಂಧ್ರ ಪೂರ್ತಿ ಸವೆದಿದ್ದರೆ, ಸುತ್ತಲಿನ ಲೋಹ ಸಾಕಷ್ಟು ದಪ್ಪವಿದ್ದಲ್ಲಿ, 10.2 ಮಿ.ಮೀ.ಗೆ ಕೊರೆದು ಎಂ 12ರ ಥ್ರೆಡ್ ಹಾಕಬಹುದು.

ಬಳಸುವ ಕ್ರಮ

ಟ್ಯಾಪು ನೆಟ್ಟಗಿರುವುದನ್ನು ಮೂಲೆಮಟ್ಟದಿಂದ ಎರಡು ಕಡೆ ನೋಡಬೇಕು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಲೋಹದ ಚೂರು ತುಂಡಾಗುತ್ತದೆ. ಉಕ್ಕಿಗೆ ಕಟಿಂಗ್ ಎಣ್ಣೆ ಹಾಕಬೇಕು. ಎರಕದ ಕಬ್ಬಿಣಕ್ಕೆ ಎಣ್ಣೆ ಬೇಡ. ಟ್ಯಾಪು ಗಟ್ಟಿ, ಆದರೆ ಪೆಡಸು. ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ಲಿನಿಂದ ಅದನ್ನು ಕೊರೆದು ತೆಗೆಯಲಾಗುವುದಿಲ್ಲ.

ಮನೆಯಲ್ಲಿ ಮಾಡಬಾರದ ಕೆಲಸ

ನೀರಿನ ಜಿ.ಐ. ಪೈಪಿನ ಥ್ರೆಡ್ಡಿನ ಬಗೆಯೇ ಬೇರೆ. ಅರ್ಧ ಮತ್ತು ಮುಕ್ಕಾಲು ಅಂಗುಲದ ಪೈಪಿನಲ್ಲಿ ಅಂಗುಲಕ್ಕೆ 14 ಸುತ್ತು, ಒಂದು ಅಂಗುಲ ಹಾಗೂ ಮೇಲಿನವುಗಳಲ್ಲಿ 11 ಸುತ್ತು ಇರುತ್ತವೆ. ಬೋಲ್ಟಿನ ಡೈ ಇಲ್ಲಿ ನಡೆಯದು. ಮುಖ್ಯವಾಗಿ, ಕೊಳವೆ ಬಾವಿಯೊಳಕ್ಕೆ ಇಳಿಬಿಡುವ ಪೈಪುಗಳಿಗೆ ಮನೆಯಲ್ಲಿ ಥ್ರೆಡ್ ಹಾಕಬಾರದು. ಪಂಪು, ಪೈಪು, ಅದರೊಳಗಿನ ನೀರು ಎಲ್ಲದರ ಭಾರವೂ ಆ ಕೆಲವು ಸುತ್ತುಗಳ ಮೇಲೆ ನಿಂತಿರುತ್ತದೆ. ಒಂದು ಜೋಡಣೆ ಕಳಚಿದರೆ ಪಂಪು ಬಾವಿಯ ತಳ ಸೇರುತ್ತದೆ. ಅದನ್ನು ಎತ್ತಲಾಗದಿದ್ದರೆ ಬಾವಿಯೇ ಕೈಬಿಟ್ಟುಹೋಗಬಹುದು. ಟ್ರಾಕ್ಟರಿನ ಬ್ರೇಕು, ಸ್ಟಿಯರಿಂಗ್ ಮತ್ತು ಚಕ್ರದ ಬೋಲ್ಟುಗಳನ್ನೂ ರಿಪೇರಿ ಮಾಡದೆ ಅದೇ ದರ್ಜೆಯ ಹೊಸದನ್ನೇ ಹಾಕಬೇಕು.

ಬೇಸಿಗೆಯ ಬಿಡುವಿನಲ್ಲಿ ಪ್ರತಿ ಯಂತ್ರದ ಬೋಲ್ಟುಗಳ ಬಗೆ ಮತ್ತು ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಆ ಪಟ್ಟಿಯೊಡನೆ ಅಂಗಡಿಗೆ ಹೋಗುವುದು ಒಳ್ಳೆಯದು.