ಅಲ್ಲಾದೀನನ ಉಮ್ಮ ಎಲ್ಲಿ?

ಹಾರುವ ಕಾರ್ಪೆಟ್, ನೀಲಿ ಬಣ್ಣದ ಜಿನ್ನ್, ತುಂಟ ಮಂಗ. ‘ಅಲ್ಲಾದೀನ್’ ಅಂದ ಕೂಡಲೇ ನಮ್ಮ ಪ್ರಾಯದವರಿಗೆ ನೆನಪಾಗುವುದು ಇದೇ. ಡಿಸ್ನಿಯವರ ಈ ಕಾರ್ಟೂನ್ ಸಿನಿಮಾ ಬಂದದ್ದು 1992ರಲ್ಲಿ. ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ವಿಡಿಯೊ ಕ್ಯಾಸೆಟ್ ಇರುತ್ತಿದ್ದ ಕಾಲ ಅದು. ಇಂಗ್ಲಿಷ್ ಅರ್ಥವಾಗದಿದ್ದರೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೀರೋನ ಹೆಸರು ನಮ್ಮದು, ಊರಲ್ಲಿ ಗುಂಬಜ್ ಇದೆ. ಖುಷಿಗೆ ಅಷ್ಟು ಸಾಕಿತ್ತು.

ಮೊನ್ನೆ ಮಕ್ಕಳ ಜೊತೆ ಕೂತು ಮತ್ತೆ ನೋಡಿದೆ. ಜಿನ್ನ್‌ನ ವೇಷಗಳಿಗೆ ಅವರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ರಾಬಿನ್ ವಿಲಿಯಮ್ಸ್ ಕೊಟ್ಟ ಆ ಧ್ವನಿ ಇವತ್ತಿಗೂ ಹಳತಾಗಿಲ್ಲ. ಆದರೆ ಈಗ ಮಾತೂ ಅರ್ಥವಾಗುತ್ತದೆ ನೋಡಿ, ಕೆಲವು ಕಡೆ ನಗು ಅರ್ಧಕ್ಕೇ ನಿಂತಿತು.

ಹಸಿದ ಮಗುವಿಗೆ ರಾಜಕುಮಾರಿ ಅಂಗಡಿಯಿಂದ ಒಂದು ಸೇಬು ತೆಗೆದು ಕೊಡುತ್ತಾಳೆ. ಅಂಗಡಿಯವನು ಅಲ್ಲೇ ಅವಳ ಕೈ ಕತ್ತರಿಸಲು ಕತ್ತಿ ಎತ್ತುತ್ತಾನೆ. ಇದು ಯಾವ ಊರಿನ ಕಾನೂನು? ಶರೀಅತ್ತಿನಲ್ಲಿ ಆ ಶಿಕ್ಷೆಗೆ ಖಾಝಿಯ ವಿಚಾರಣೆ ಬೇಕು, ಸಾಕ್ಷಿ ಬೇಕು, ಕದ್ದ ವಸ್ತುವಿಗೆ ಇಂತಿಷ್ಟು ಬೆಲೆ ಇರಬೇಕು. ಒಂದು ಸೇಬು ಆ ಲೆಕ್ಕಕ್ಕೇ ಬರುವುದಿಲ್ಲ. ಬರಗಾಲದ ವರ್ಷ ಖಲೀಫ ಉಮರ್(ರ) ಆ ಶಿಕ್ಷೆಯನ್ನೇ ತಡೆಹಿಡಿದರೆಂದು ಚರಿತ್ರೆಯಲ್ಲಿದೆ. ಸಿನಿಮಾ ನೋಡುವ ಮಗುವಿಗೆ ಇದು ಗೊತ್ತಾಗುವುದು ಹೇಗೆ?

ಆರಂಭದ ಹಾಡಿನಲ್ಲೂ ಕಿವಿ ಕತ್ತರಿಸುವ ಮಾತಿತ್ತು. ಅಮೆರಿಕದ ಅರಬರು ಆಕ್ಷೇಪಿಸಿದ ಮೇಲೆ 1993ರಲ್ಲಿ, ವಿಡಿಯೊ ಬರುವ ಹೊತ್ತಿಗೆ, ಅದನ್ನು ಬದಲಾಯಿಸಿದರು. ಆದರೆ ಆ ನಾಡನ್ನು ಅನಾಗರಿಕ ಎನ್ನುವ ಪದ ಹಾಗೇ ಉಳಿಯಿತು. ಅಲ್ಲಾದೀನ್ ಮಾತಾಡುವುದು ಅಮೆರಿಕದ ಹುಡುಗನ ಹಾಗೆ, ಅರಬಿ ಧಾಟಿಯ ಇಂಗ್ಲಿಷ್ ಮಾತ್ರ ಒರಟರ ಬಾಯಲ್ಲಿ.

ಇನ್ನು ಮೂಲ ಕಥೆಗೆ ಬರೋಣ. ‘ಸಾವಿರದೊಂದು ರಾತ್ರಿ’ಯ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇದು ಸಿಗುವುದಿಲ್ಲ. ಸಿರಿಯಾದ ಅಲೆಪ್ಪೊದಿಂದ ಪ್ಯಾರಿಸಿಗೆ ಹೋಗಿದ್ದ ಹನ್ನಾ ದಿಯಾಬ್ ಎಂಬ ಕ್ರೈಸ್ತ ಯುವಕ 1709ರಲ್ಲಿ ಫ್ರೆಂಚ್ ವಿದ್ವಾಂಸ ಅಂತ್ವಾನ್ ಗಲಾಂಗೆ ಹೇಳಿದ ಕಥೆ ಇದು. ಅದರಲ್ಲಿ ಅಲ್ಲಾದೀನನ ಊರು ಚೀನಾದಲ್ಲಿ. ತಂದೆ ಮುಸ್ತಫಾ ದರ್ಜಿ, ಬೇಗ ತೀರಿಹೋಗುತ್ತಾರೆ. ತಾಯಿ ನೂಲು ತೆಗೆದು ಮಗನನ್ನು ಸಾಕುತ್ತಾಳೆ. ರಾಜಕುಮಾರಿಯನ್ನು ಕೇಳಲು ರತ್ನಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಸುಲ್ತಾನನ ದರ್ಬಾರಿಗೆ ಹೋಗುವವಳೂ ಅವಳೇ. ಯಾರೂ ಗಮನಿಸುವುದಿಲ್ಲ. ಆದರೂ ದಿನ ದಿನ ಹೋಗಿ ನಿಲ್ಲುತ್ತಾಳೆ.

ಸಿನಿಮಾದ ಅಲ್ಲಾದೀನನಿಗೆ ಮಾತ್ರ ಯಾರೂ ಇಲ್ಲ. ಮೊದಲ ಕರಡಿನಲ್ಲಿ ತಾಯಿ ಇದ್ದಳು, ಮಗ ಅವಳನ್ನು ನೆನೆದು ಹಾಡುವ ಹಾಡೂ ತಯಾರಾಗಿತ್ತು. ಕೊನೆಗೆ ಎರಡನ್ನೂ ಕೈಬಿಟ್ಟರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರಿರುವ ನಮ್ಮ ಊರುಗಳಲ್ಲಿ ಆ ತಾಯಿಯನ್ನು ಪರಿಚಯಿಸಿ ಕೊಡಬೇಕಾಗಿಲ್ಲ.

ಹಾಗಂತ ಟಿವಿ ಬಂದ್ ಮಾಡಿ ಎನ್ನುತ್ತಿಲ್ಲ. ಕೊನೆಯ ಆಸೆಯನ್ನು ತನಗಾಗಿ ಬಳಸದೆ, ಕೊಟ್ಟ ಮಾತಿನಂತೆ ಅಲ್ಲಾದೀನ್ ಜಿನ್ನನ್ನು ಬಿಡುಗಡೆ ಮಾಡುವುದು ಮಕ್ಕಳು ನೋಡಬೇಕಾದದ್ದೇ. ಪಕ್ಕದಲ್ಲಿ ಕೂತು ನೋಡಿ. ಮುಗಿದ ಮೇಲೆ ನೂಲು ತೆಗೆದ ಆ ಉಮ್ಮನ ಕಥೆಯನ್ನೂ ಹೇಳಿ, ಸೇಬಿನ ವಿಷಯವನ್ನೂ ಬಿಡಿಸಿ ಹೇಳಿ. ಹತ್ತು ನಿಮಿಷದ ಕೆಲಸ.