ಮುತ್ತೆತ್ತಿದ ಮಡುವಿನ ಬಳಿ

ಬೋಸ್ನಿಯಾ ದೇಶದ ಪ್ಲಿವಾ ಸರೋವರಗಳ ಚಿತ್ರವೊಂದನ್ನು ಗೆಳೆಯರೊಬ್ಬರು ತೋರಿಸಿದರು. ನೀರಿನಲ್ಲಿ ಕರಗಿದ ಸುಣ್ಣವೇ ಗಟ್ಟಿಗೊಂಡು ಒಡ್ಡಾಗಿ, ಹೊಳೆ ಅಲ್ಲಿ ಕೆರೆಯಾಗಿದೆ. ನೀರು ಧುಮುಕುವಲ್ಲಿ ಗೂಟಗಳ ಮೇಲೆ ನಿಂತ ಪುಟ್ಟ ಪುಟ್ಟ ಮರದ ಗಿರಣಿಗಳು. ಸುತ್ತಲಿನ ರೈತರು ಹಿಂದೆ ಅಲ್ಲಿ ಕಾಳು ಬೀಸಿಸಿಕೊಳ್ಳುತ್ತಿದ್ದರಂತೆ. 'ನಮ್ಮ ಕಾವೇರಿಗೆ ಇಂಥದ್ದೇಕಿಲ್ಲ?' ಎಂದರು ಗೆಳೆಯರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಮುತ್ತತ್ತಿಗೆ ಹೋದದ್ದು.

ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿದರೆ ರಸ್ತೆ ಕಾಡನ್ನು ಹೊಗುತ್ತದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮವಿದು. ತಿರುವುಗಳು ಮುಗಿದಲ್ಲಿ ಹೊಳೆಮತ್ತಿ ಮರಗಳ ನೆರಳು, ಅದರಾಚೆ ಬಂಡೆಗಳ ನಡುವೆ ಹೊಳೆ. ಇಲ್ಲಿ ಮೀಯುವಾಗ ಸೀತೆಯ ಮೂಗುತಿಯ ಮುತ್ತು ಜಾರಿತಂತೆ. ಆಂಜನೇಯ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟನಂತೆ. ಅವನೇ ದಡದ ಗುಡಿಯ ಮುತ್ತೆತ್ತರಾಯ. ಕಲಕಿದ ನೀರು ಇನ್ನೂ ಶಾಂತವಾದಂತಿಲ್ಲ. ಮೇಲೆ ನಿಶ್ಚಲ, ಒಳಗೆ ಸುಳಿ. ಈಜು ಬಲ್ಲವರೂ ಇಲ್ಲಿ ಮುಳುಗಿದ್ದಾರೆ. ಎಚ್ಚರಿಕೆಯ ಫಲಕದ ಬುಡದಲ್ಲೇ ಬಟ್ಟೆ ಬಿಚ್ಚಿಟ್ಟು ಇಳಿಯುತ್ತಿದ್ದ ಹುಡುಗರನ್ನು ನಾನೂ ಕೂಗಿ ಕರೆದೆ. ಅವರು ನಕ್ಕು ಕೈಬೀಸಿದರು.

ಗೆಳೆಯರ ಪ್ರಶ್ನೆಗೆ ಉತ್ತರ ಅಲ್ಲಿಯೇ ಹೊಳೆಯಿತು. ಈ ಸೀಮೆಯ ರಾಗಿಯನ್ನು ಬೀಸಿದ್ದು ಹೊಳೆಯಲ್ಲ, ಹೆಂಗಸರ ತೋಳು. ಕಾವೇರಿಯನ್ನು ನಾವು ಚಕ್ರಕ್ಕೆ ಹೂಡಿದ್ದು 1902ರಲ್ಲಿ, ಮೇಲಿನ ಶಿವನಸಮುದ್ರದಲ್ಲಿ. ಆ ವಿದ್ಯುತ್ತು ಸುಮಾರು 147 ಕಿ.ಮೀ. ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ದಡದ ಹಳ್ಳಿಗಳ ಬೀಸುಕಲ್ಲುಗಳು ಮಾತ್ರ ಆಮೇಲೂ ಬಹುಕಾಲ ತಿರುಗುತ್ತಲೇ ಇದ್ದವು.

ಈಗ ಹೊಳೆಯೇ ಕೆರೆಯಾಗುವ ಮಾತು ಬಂದಿದೆ. ಕೆಳಗೆ ಮೇಕೆದಾಟುವಿನಲ್ಲಿ 67.16 ಟಿಎಂಸಿ ಅಡಿ ನೀರು ನಿಲ್ಲಿಸುವ ಯೋಜನೆಯ ವರದಿಯನ್ನು ರಾಜ್ಯ ಸರ್ಕಾರ 2019ರಲ್ಲಿ ಕೇಂದ್ರಕ್ಕೆ ಸಲ್ಲಿಸಿತು. ಬೆಂಗಳೂರಿಗೆ ಕುಡಿಯುವ ನೀರು, ಜೊತೆಗೆ 400 ಮೆಗಾವಾಟ್ ವಿದ್ಯುತ್ತು ಅದರ ಉದ್ದೇಶ. ತಮಿಳುನಾಡಿನ ವಿರೋಧವೇ ನಮ್ಮ ಚರ್ಚೆಯನ್ನೆಲ್ಲ ನುಂಗಿದೆ. ಮುತ್ತತ್ತಿ ಮುಳುಗಡೆಯ ವ್ಯಾಪ್ತಿಯಲ್ಲಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಇಲ್ಲಿನ ಮಹಶೀರ್ ಮೀನು ಹರಿವ ನೀರಿನದು. 2018ರಲ್ಲಿ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಬೂದು ಅಳಿಲು ಬದುಕಿರುವುದು ದಡದ ಈ ಮರಗಳ ಸಾಲಿನಲ್ಲಿ. ಪ್ಲಿವಾದ ಒಡ್ಡನ್ನು ನೀರು ತಾನೇ ಸಾವಿರಾರು ವರ್ಷ ಕುಳಿತು ಕಟ್ಟಿಕೊಂಡಿತು. ನಾವು ಅಷ್ಟು ಕಾಯುವವರಲ್ಲ.

ಬೆಂಗಳೂರಿನ ನಲ್ಲಿಯಲ್ಲಿ ಇದೇ ಕಾವೇರಿಯನ್ನು ಕುಡಿಯುವ ನನಗೆ 'ಬೇಡ' ಎನ್ನುವುದು ಸುಲಭವಲ್ಲ. ಆದರೆ ಸೋರುವ ಕೊಳವೆಗಳನ್ನೂ ಹೂಳು ತುಂಬಿದ ಕೆರೆಗಳನ್ನೂ ಹಾಗೆಯೇ ಬಿಟ್ಟು ಕಾಡು ಮುಳುಗಿಸಲು ಹೊರಡುವುದನ್ನು ನಾನು ಒಪ್ಪಲಾರೆ.

ದಡದಲ್ಲಿ ಮಗುಚಿಹಾಕಿದ ಹರಿಗೋಲಿಗೆ ಒಬ್ಬ ಹಿರಿಯರು ಟಾರು ಬಳಿಯುತ್ತಿದ್ದರು. ಅಣೆಕಟ್ಟೆಯ ವಿಚಾರವೆತ್ತಿದೆ. 'ಆಗ ನೀರು ಎಲ್ಲೀಗಂಟ ಬತ್ತದೆ ಸ್ವಾಮಿ?' ಎಂದು ನನ್ನನ್ನೇ ಕೇಳಿದರು. ನಾನು ಗುಡಿಯ ಕಡೆ, ಅದರ ಹಿಂದಿನ ಗುಡ್ಡದ ಕಡೆ ನೋಡಿದೆ. ಅವರೂ ಆ ಕಡೆಗೇ ನೋಡಿ, ಮತ್ತೆ ಟಾರಿನ ಡಬ್ಬಿಗೆ ಕೈಹಾಕಿದರು.